ಸಾವುಕಾರನ ಕಿರ್ದಿ, ಆಯಿಯ ಕೌದಿ

ನಮ್ಮ ಮನೆತನದ ಬಗ್ಗೆ ಈ ಲೋಕದಲ್ಲಿ ಎರಡೇ ದಾಖಲೆಗಳು.

ಮೊದಲನೆಯದು ಸಾವುಕಾರನ ಕಿರ್ದಿಯಲ್ಲಿತ್ತು. ನಮ್ಮ ಮುತ್ಯಾನ ಎಡಗೈ ಹೆಬ್ಬೆಟ್ಟು, ಅದರ ಮುಂದೆ 200 ರೂಪಾಯಿ, ಅದರ ಮುಂದೆ ನಮ್ಮ ಕೇರಿಯಲ್ಲಿ ಯಾರಿಗೂ ಓದಲು ಬಾರದ ಬಡ್ಡಿಯ ಲೆಕ್ಕ. ಆ 200 ರೂಪಾಯಿಗೆ ಮುತ್ಯಾ 11 ವರ್ಷ ಜೀತ ದುಡಿದ. 1975ರ ಅಕ್ಟೋಬರಿನಲ್ಲಿ ಜೀತ ರದ್ದತಿಯ ಸುಗ್ರೀವಾಜ್ಞೆ ಬಂತು, 1976ರಲ್ಲಿ ಅದು ಕಾಯ್ದೆಯಾಯಿತು, ಜೀತದ ಸಾಲವೆಲ್ಲ ರದ್ದು ಎಂದು ಸರಕಾರ ಸಾರಿತು. ಆ ಸುದ್ದಿ ನಮ್ಮ ಕೇರಿಗೆ ನಡೆದುಕೊಂಡು ಬರಲು ಮತ್ತೆ ಎರಡು ಸುಗ್ಗಿ ಹಿಡಿಯಿತು.

ಎರಡನೆಯದು ಆಯಿಯ ಕೌದಿ. ಅದು ಇವತ್ತಿಗೂ ನಮ್ಮ ಮನೆಯ ತಗಡಿನ ಟ್ರಂಕಿನಲ್ಲಿದೆ. ಆಯಿ ಅದನ್ನು ನೆಲಕ್ಕೆ ಹರವಿ, ಬೆರಳಿಟ್ಟು ಓದುತ್ತಾಳೆ: "ಇದು ನಿಮ್ಮ ಮುತ್ಯಾನ ಧೋತರ. ಇದು ನಿಮ್ಮಪ್ಪ ಸಾಲಿಗೆ ಹ್ವಾದ ವರ್ಷದ ಖಾಕಿ ಚಡ್ಡಿ. ಇದು ನಿಮ್ಮತ್ತಿ ಲಗ್ನದ ಕುಬಸ. ಇದು ಸತ್ತ ಕೂಸಿನ ಕುಲಾಯಿ, ಇದರ ಮ್ಯಾಲ ಕಾಲಿಡಬ್ಯಾಡ." ಆಯಿಗೆ ಅಕ್ಷರ ಬಾರದು. ಆದರೆ ಒಂದು ಮನೆಯ 40 ವರ್ಷದ ಚರಿತ್ರೆಯನ್ನು ಕ್ರಮ ತಪ್ಪದೆ ಬಟ್ಟೆಯ ಮೇಲೆ ಓದಬಲ್ಲಳು.

ನಾವು ಪದವಿ ಓದಲು ಪಟ್ಟಣಕ್ಕೆ ಹೊರಟಾಗ ಆಯಿ ಒಂದು ಕೌದಿಯನ್ನು ಮಡಿಚಿ ಕೊಟ್ಟಳು. ಹಾಸ್ಟೆಲಿನಲ್ಲಿ ಅದನ್ನು ಬಿಚ್ಚಿದ ದಿನ ಅಕ್ಕಪಕ್ಕದವರು ನಕ್ಕರು. "ಏನಲೇ, ಚಿಂದಿ ಅಂಗಡಿ ಇಟ್ಟೀಯೇನು?" ಮಾರನೆಯ ದಿನ ಕೌದಿಯನ್ನು ಟ್ರಂಕಿನ ತಳಕ್ಕೆ ತುರುಕಿದೆವು. ಆ ಚಳಿಗಾಲವಿಡೀ ನಡುಗಿದೆವೇ ಹೊರತು ಹೊರಗೆ ತೆಗೆಯಲಿಲ್ಲ. ಅದೇ ವರ್ಷ ತರಗತಿಯಲ್ಲಿ ಇತಿಹಾಸದ ಮೇಷ್ಟ್ರು, ಲಿಖಿತ ದಾಖಲೆ ಇಲ್ಲದ ಜನರಿಗೆ ಇತಿಹಾಸವಿಲ್ಲ ಎಂದು ಬರೆಸಿದರು. ನಾವೂ ಬರೆದುಕೊಂಡೆವು. ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕವನ್ನೂ ಪಡೆದೆವು. ಆ ಅಂಕದ ನಾಚಿಕೆ ಇನ್ನೂ ಹೋಗಿಲ್ಲ.

ಕಿರ್ದಿ ಬರೆದವನ ಮಾತನ್ನು ಚರಿತ್ರೆ ಕೇಳಿದೆ. ಕೌದಿ ಹೊಲಿದವಳ ಮಾತು ಕೇಳಬೇಕಾದರೆ ಹೊಲಿಗೆಯನ್ನು ಓದಲು ಕಲಿಯಬೇಕು. ಅದಕ್ಕಾಗಿ ಗೆಳೆಯರೆ, ಸಮುದ್ರದಾಚೆಯ ಒಂದು ಹಳ್ಳಿಗೆ ಹೋಗಿಬರೋಣ. ಸುಮ್ಮನೆ ಅಲ್ಲ. ನಮ್ಮ ಎರೆ ನೆಲಕ್ಕೂ ಆ ನೆಲಕ್ಕೂ ನಡುವೆ ಹತ್ತಿಯ ಎಳೆಯೊಂದಿದೆ.

*

1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತಿ ಬೆಳೆಸುವ ಬಿಳಿಯರನ್ನು ಕರೆಸಿಕೊಂಡಿತು. ನ್ಯೂ ಆರ್ಲಿಯನ್ಸ್ ತಳಿಯ ಹತ್ತಿಯನ್ನು ಧಾರವಾಡ ಸೀಮೆಯ ಹೊಲಗಳಲ್ಲಿ ಬಿತ್ತಿಸಿತು. ಇಂಗ್ಲೆಂಡಿನ ಗಿರಣಿಗಳು ಅಮೆರಿಕವೊಂದನ್ನೇ ನಂಬಿ ಕೂರಬಾರದೆಂಬುದು ಅದರ ಲೆಕ್ಕ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಭಾರಿ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ನಮ್ಮ ಪಠ್ಯಪುಸ್ತಕ ಇಷ್ಟನ್ನು ವ್ಯಾಪಾರದ ಅಧ್ಯಾಯದಲ್ಲಿ ಹೇಳಿ ಮುಗಿಸುತ್ತದೆ. ಆ ಹತ್ತಿ ಬಿಡಿಸಿದವರು ರಾತ್ರಿ ಏನು ಹೊದ್ದು ಮಲಗಿದರು ಎಂದು ಕೇಳುವುದಿಲ್ಲ.

ಕೇಳೋಣ. ಅಮೆರಿಕದ ಅಲಬಾಮಾ ರಾಜ್ಯದ ವಿಲ್ಕಾಕ್ಸ್ ಕೌಂಟಿಯಲ್ಲಿ ಅಲಬಾಮಾ ನದಿ ಒಂದು ಕಡೆ ಕುದುರೆಯ ಲಾಳದ ಹಾಗೆ ಬಾಗುತ್ತದೆ. ಮೂರು ಕಡೆ ನೀರು. ಆ ಬಾಗಿನೊಳಗಿನ ಹಳ್ಳಿ ಜೀಸ್ ಬೆಂಡ್. 1816ರಲ್ಲಿ ಜೋಸೆಫ್ ಜೀ ಎಂಬ ಬಿಳಿಯ ಅಲ್ಲಿ ಹತ್ತಿಯ ತೋಟ ಹೂಡಿದ. 1845ರಲ್ಲಿ ಜೀ ಕುಟುಂಬದವರು ತಮ್ಮ ಬಂಧು ಮಾರ್ಕ್ ಪೆಟ್‌ವೇಗೆ ಕೊಡಬೇಕಾಗಿದ್ದ ಸಾಲಕ್ಕೆ ಬದಲಾಗಿ ಆ ತೋಟವನ್ನು, ಅದರಲ್ಲಿದ್ದ ಗುಲಾಮರ ಸಮೇತ, ಬರೆದುಕೊಟ್ಟರು. ಅಂದರೆ ಒಬ್ಬರ ಸಾಲವನ್ನು ಇನ್ನೊಬ್ಬರ ಮೈಯಿಂದ ತೀರಿಸಿದರು. ಮರುವರ್ಷ ಪೆಟ್‌ವೇ ತನ್ನ ಕುಟುಂಬವನ್ನು ಗಾಡಿಯಲ್ಲಿ ಕೂರಿಸಿಕೊಂಡು, ಸುಮಾರು 100 ಜನ ಗುಲಾಮರನ್ನು ಉತ್ತರ ಕೆರೊಲಿನಾದಿಂದ ಅಲ್ಲಿಯವರೆಗೆ ನಡೆಸಿಕೊಂಡು ಬಂದ.

1865ರಲ್ಲಿ ಗುಲಾಮಗಿರಿ ರದ್ದಾಯಿತು. ಒಡೆಯನ ಹೆಸರು ಮಾತ್ರ ಮೈಬಿಡಲಿಲ್ಲ. ಆ ಊರಿನ ಬಹುಪಾಲು ಕಪ್ಪು ಜನರ ಅಡ್ಡಹೆಸರು ಪೆಟ್‌ವೇ ಎಂದೇ ಉಳಿಯಿತು. ಅದೇ ಹೊಲ, ಅದೇ ಹತ್ತಿ, ಈಗ ಪಾಲಿಗೆ. ಬೀಜ, ಗೊಬ್ಬರ, ಕಾಳು ಎಲ್ಲವನ್ನೂ ವ್ಯಾಪಾರಿ ಸಾಲ ಕೊಡುವನು, ಸುಗ್ಗಿಯಲ್ಲಿ ಹತ್ತಿ ಒಯ್ಯುವನು, ಲೆಕ್ಕ ತಾನೇ ಬರೆಯುವನು. ಈ ಲೆಕ್ಕದ ರೀತಿ ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

1932ರಲ್ಲಿ ಅವರಿಗೆ ಸಾಲ ಕೊಡುತ್ತಿದ್ದ ವ್ಯಾಪಾರಿಯೊಬ್ಬ ತೀರಿಕೊಂಡ. ಆತನ ವಿಧವೆ ಬಾಕಿ ವಸೂಲಿಗೆ ಆಳುಗಳನ್ನು ಕಳಿಸಿದಳು. ಸುಮಾರು 60 ಕುಟುಂಬಗಳ ಮನೆಗೆ ನುಗ್ಗಿ ಎತ್ತು, ಹೇಸರಗತ್ತೆ, ಹಸು, ಹಂದಿ, ಕೋಳಿ, ನೇಗಿಲು, ಗಾಡಿ, ಬಿತ್ತನೆಯ ಬೀಜ, ಉಣ್ಣುವ ಮೆಕ್ಕೆಜೋಳ ಎಲ್ಲವನ್ನೂ ಹೇರಿಕೊಂಡು ಹೋದರು. ಆ ಚಳಿಗಾಲ ಜನ ರೆಡ್‌ಕ್ರಾಸಿನ ಪಡಿಯ ಮೇಲೆ ಜೀವ ಹಿಡಿದರು.

1937ರಲ್ಲಿ ಆರ್ಥರ್ ರಾಥ್‌ಸ್ಟೀನ್ ಎಂಬ ಛಾಯಾಗ್ರಾಹಕನನ್ನು ಅಮೆರಿಕ ಸರಕಾರ ಅಲ್ಲಿಗೆ ಕಳಿಸಿತು. ಆತ ತೆಗೆದ ಚಿತ್ರಗಳು ಇವತ್ತೂ ನೋಡಲು ಸಿಗುತ್ತವೆ. ಗಾಳಿ ನುಗ್ಗದಿರಲೆಂದು ಮರದ ಗೋಡೆಗೆ ಹಳೆಯ ಪತ್ರಿಕೆ ಅಂಟಿಸಿದ ಮನೆಗಳು. ಒಂದು ಚಿತ್ರದಲ್ಲಿ ಕೌದಿ ಹೊಲಿಯುತ್ತ ಕೂತ ಹೆಂಗಸು. ಕಾಲೇಜಿನ ಲೈಬ್ರರಿಯಲ್ಲಿ ಆ ಚಿತ್ರ ನೋಡಿದಾಗ ನಾವು ಪುಟ ತಿರುಗಿಸಲಿಲ್ಲ. ಆಯಿ ಅಲ್ಲಿ ಹೇಗೆ ಹೋದಳು ಎನ್ನಿಸಿತು.

ಅವರ ಕೌದಿಯ ಒಳಗೇನಿತ್ತು? ಹೊಲದಲ್ಲಿ ಬೆವರು ಕುಡಿದ ಪ್ಯಾಂಟು, ಹಿಟ್ಟಿನ ಚೀಲ, ಗೊಬ್ಬರದ ಚೀಲ. ಹತ್ತಿ ಬೆಳೆದವರಿಗೆ ಕೌದಿಯೊಳಗೆ ತುಂಬಲು ಸಿಕ್ಕಿದ್ದು ಜಿನ್ನಿನ ನೆಲ ಗುಡಿಸಿ ತಂದ ಹತ್ತಿ. ಅದನ್ನು ಕೋಲಿನಿಂದ ಬಡಿದು ಕಸ ತೆಗೆದು ಹರಡುತ್ತಿದ್ದರು. ವ್ಯಾಪಾರಿಯ ಕಿರ್ದಿಯಲ್ಲಿ ಈ ಯಾವುದಕ್ಕೂ ಬೆಲೆ ಇರಲಿಲ್ಲ. ಬೆಲೆ ಇಲ್ಲದ್ದರಿಂದಲೇ ಅದು ಅವರದಾಗಿ ಉಳಿಯಿತು.

*

ಈಗ ಹೊಲಿಗೆಯನ್ನು ಓದೋಣ. ಕೈಯಿಂದ ಮಾಡಿ ನೋಡದೆ ಇದು ತಿಳಿಯುವುದಿಲ್ಲ. ಶಾಲೆಯ ಗೆಳೆಯರು ಮಕ್ಕಳ ಕೈಯಲ್ಲೂ ಮಾಡಿಸಬಹುದು. ಬೇಕಾದದ್ದು ಸೂಜಿ, ದಾರ, ಕತ್ತರಿ, ಹಳೆಯ ಬಟ್ಟೆ.

ಮೊದಲು ಬಟ್ಟೆಯನ್ನು ಒಗೆದು ಒಣಗಿಸಿ. ಬಣ್ಣ ಬಿಡುವುದಿದ್ದರೆ ಈಗಲೇ ಬಿಡಲಿ, ಕುಗ್ಗುವುದಿದ್ದರೆ ಈಗಲೇ ಕುಗ್ಗಲಿ. ಬೆಳಕಿಗೆ ಹಿಡಿದು ನೋಡಿ, ಜಾಳಾದ ಕಡೆಗಳನ್ನು ಬಿಟ್ಟುಬಿಡಿ. ದಪ್ಪ ಪ್ಯಾಂಟಿನ ಬಟ್ಟೆಯನ್ನೂ ತೆಳು ಸೀರೆಯನ್ನೂ ಒಂದೇ ಚೌಕದಲ್ಲಿ ಸೇರಿಸಬೇಡಿ, ದಪ್ಪದ್ದು ತೆಳ್ಳಗಿನದನ್ನು ಎಳೆದು ಹರಿಯುತ್ತದೆ. ತೆಳು ಬಟ್ಟೆಯೇ ಬೇಕೆಂದರೆ ಅದಕ್ಕೊಂದು ಅಸ್ತರ ಕೊಡಿ.

ಎಲ್ಲಕ್ಕಿಂತ ಸರಳವಾದದ್ದು ಒಂಬತ್ತು ತುಂಡಿನ ಚೌಕ. ನಾಲ್ಕೂವರೆ ಇಂಚಿನ ಚೌಕ ತುಂಡುಗಳು 9. ಐದು ಗಾಢ ಬಣ್ಣದವು, ನಾಲ್ಕು ತಿಳಿ ಬಣ್ಣದವು. ಮೂರು ಮೂರರಂತೆ ಮೂರು ಸಾಲು ಹೊಲಿದು, ಆ ಸಾಲುಗಳನ್ನು ಕೂಡಿಸುವುದು. ಪ್ರತಿ ಜೋಡಣೆಗೂ ಕಾಲು ಇಂಚು ಒಳಗೆ ಬಿಡಬೇಕು. ಆಗ ಪ್ರತಿ ತುಂಡು 4 ಇಂಚಾಗಿ ಉಳಿದು, ಇಡೀ ಚೌಕ 12 ಇಂಚು, ಅಂದರೆ ಒಂದು ಅಡಿ ಬರುತ್ತದೆ. ಒಳಗಿನ ಅಂಚನ್ನು ಗಾಢ ಬಣ್ಣದ ಕಡೆಗೆ ಮಡಿಸಿದರೆ ಮೇಲಿನಿಂದ ನೆರಳು ಕಾಣುವುದಿಲ್ಲ.

ಜೀಸ್ ಬೆಂಡಿನ ಹೆಂಗಸರು ಹೆಚ್ಚು ಹೊಲಿದದ್ದು ಇನ್ನೊಂದನ್ನು. ಅದಕ್ಕೆ ಅವರಿಟ್ಟ ಹೆಸರು ಮನೆಯ ಮಾಳಿಗೆ ಎಂಬ ಅರ್ಥದ 'ಹೌಸ್‌ಟಾಪ್'. ನಡುವೆ ನಾಲ್ಕೂವರೆ ಇಂಚಿನ ಒಂದು ಚೌಕ. ಎರಡೂವರೆ ಇಂಚು ಅಗಲದ ಪಟ್ಟಿಗಳನ್ನು ಹರಿದಿಟ್ಟುಕೊಳ್ಳಿ. ಮೊದಲ ಪಟ್ಟಿ ನಾಲ್ಕೂವರೆ ಇಂಚು ಉದ್ದದ್ದು, ಬಲಕ್ಕೆ ಹೊಲಿಯಿರಿ. ಎರಡನೆಯದು ಆರೂವರೆ, ಕೆಳಕ್ಕೆ. ಮೂರನೆಯದೂ ಆರೂವರೆ, ಎಡಕ್ಕೆ. ನಾಲ್ಕನೆಯದು ಎಂಟೂವರೆ, ಮೇಲಕ್ಕೆ. ಒಂದು ಸುತ್ತು ಮುಗಿಯಿತು. ಎರಡನೆಯ ಸುತ್ತಿಗೆ ಎಂಟೂವರೆ, ಹತ್ತೂವರೆ, ಹತ್ತೂವರೆ, ಹನ್ನೆರಡೂವರೆ. ಇದೂ ಕೊನೆಗೆ ಒಂದು ಅಡಿಯ ಚೌಕವೇ. ಇಂಥವು 24 ಇದ್ದರೆ ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ಕೌದಿಯ ಮೇಲ್ಮೈ ಸಿದ್ಧ. ಅಳತೆಪಟ್ಟಿ ಇಲ್ಲವೆ? ನಮ್ಮ ಆಯಿಯಂತೆ ಬೆರಳಿನಿಂದ ಅಳೆಯಿರಿ, ಎಲ್ಲ ಚೌಕಕ್ಕೂ ಒಂದೇ ಕೈಯ ಬೆರಳಿರಲಿ.

ಆಮೇಲೆ ಕೆಳಗೊಂದು ಗಟ್ಟಿ ಸೀರೆ, ನಡುವೆ ಎರಡು ಮೂರು ಪದರ ಹಳೆಯ ಬಟ್ಟೆ, ಮೇಲೆ ಈ ಚೌಕಗಳು. ನಡುವಿನಿಂದ ಅಂಚಿನ ಕಡೆಗೆ ಸುಕ್ಕು ತಳ್ಳುತ್ತ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಪದರ ಜರುಗದಂತೆ ಕಟ್ಟಿಹಾಕಬೇಕು. ಆಮೇಲೆ ಎಲ್ಲ ಪದರ ದಾಟುವಂತೆ ಬೆರಳಗಲಕ್ಕೊಂದು ಸಾಲು ಸಣ್ಣ ಹೊಲಿಗೆ. ದಾರದ ಗಂಟನ್ನು ಪದರದೊಳಗೆ ಎಳೆದು ಮುಚ್ಚಬೇಕು, ಮೈಗೆ ಚುಚ್ಚಬಾರದು. ಕೊನೆಗೆ ಕಚ್ಚಾ ದಾರ ಬಿಚ್ಚಿ ಅಂಚು ಮಡಿಸಿ ಹೊಲಿದರೆ ಆಯಿತು.

ಈಗ ಅಂಗೈ ನೋಡಿಕೊಳ್ಳಿ. ಒಂದು ಚೌಕಕ್ಕೇ ಬೆರಳ ತುದಿ ಉರಿಯುತ್ತದೆ. ಹಗಲೆಲ್ಲ ಹತ್ತಿ ಬಿಡಿಸಿದ ಬೆರಳು ರಾತ್ರಿ ಚಿಮಣಿಯ ಬೆಳಕಿನಲ್ಲಿ ಇಂಥ 24 ಚೌಕ ಹೊಲಿಯಿತು. ಈ ದುಡಿಮೆಯ ಕೂಲಿ ಯಾವ ಕಿರ್ದಿಯಲ್ಲಿದೆ?

*

ಬಟ್ಟೆಯ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾಗದು. ಚಂಡಾಲರು ಹೆಣದ ಮೇಲಿನ ಬಟ್ಟೆಯನ್ನೇ ಉಡಬೇಕೆಂದು ಮನುಸ್ಮೃತಿ ವಿಧಿಸಿತು. ಸತ್ತವರ ಬಟ್ಟೆ ನಮಗೆ ಶಿಕ್ಷೆಯಾಗಿ ಬಂತು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರು ಆ ಪುಸ್ತಕವನ್ನು ಸುಡಿಸಿದರು. ಅದೇ ಮಹಾಡಿನಲ್ಲಿ, ಅದೇ ದಿನಗಳಲ್ಲಿ, ನೆರೆದ ಹೆಣ್ಣುಮಕ್ಕಳಿಗೆ ಬೇರೆಯಾಗಿ ಮಾತಾಡಿ, ಜಾತಿಯ ಗುರುತು ಹೇಳುವ ಉಡುಗೆಯ ರೀತಿ ಬಿಡಿರೆಂದರು. ಬಟ್ಟೆ ಹರಿದಿದ್ದರೂ ಚಿಂತೆಯಿಲ್ಲ, ಶುಚಿಯಾಗಿರಲಿ ಎಂದರು. ಉಡುವುದು ಹೊದೆಯುವುದು ಕೂಡ ರಾಜಕೀಯವೆಂದು ನಮ್ಮ ಚಳವಳಿ ಆವತ್ತೇ ತಿಳಿದಿತ್ತು.

ಈಗ ಜೀಸ್ ಬೆಂಡಿಗೆ ಮರಳೋಣ. 1942ರಲ್ಲಿ ಮಿಸೌರಿ ಪೆಟ್‌ವೇ ಎಂಬ ಹೆಂಗಸಿನ ಗಂಡ ತೀರಿಕೊಂಡ. ಆಕೆ ಅವನ ಕೆಲಸದ ಬಟ್ಟೆಗಳನ್ನೆಲ್ಲ ತೆಗೆದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕೌದಿ ಹೊಲಿದಳು. ಅವನನ್ನು ನೆನೆಯಲು, ಅವನ ಬಟ್ಟೆಯ ಕೆಳಗೆ ಬೆಚ್ಚಗೆ ಮಲಗಲು. ಬಣ್ಣ ಮಾಸಿದ ನೀಲಿ, ಬೂದು, ಮಂಡಿಯ ಬಳಿ ಹೊಲದ ಮಣ್ಣಿನ ಕಲೆ. ಇದೂ ಸತ್ತವನ ಬಟ್ಟೆಯೇ. ಆದರೆ ಯಾವ ಶಾಸ್ತ್ರವೂ ಅದನ್ನು ಆಕೆಯ ಮೇಲೆ ಹೊರಿಸಿರಲಿಲ್ಲ. ಹೇರಿದ ಹೆಣದ ಬಟ್ಟೆ ಬೇರೆ, ಪ್ರೀತಿಯಿಂದ ಉಳಿಸಿಕೊಂಡ ಗಂಡನ ಅಂಗಿ ಬೇರೆ. ನಮ್ಮ ಆಯಿಯ ಕೌದಿಯಲ್ಲಿರುವ ಧೋತರ, ಕುಲಾಯಿ ಈ ಎರಡನೆಯ ಬಗೆಯವು. ಹಾಸ್ಟೆಲಿನಲ್ಲಿ ನಕ್ಕವರಿಗೆ ಎರಡರ ಅಂತರ ತಿಳಿಯಲಿಲ್ಲ. ನಕ್ಕಾಗ ನಾಚಿದ ನಮಗೂ ತಿಳಿದಿರಲಿಲ್ಲ.

*

1946ರಲ್ಲಿ ಅಂಬೇಡ್ಕರರು ಅಮೆರಿಕದ ಕಪ್ಪು ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದು, ಅಲ್ಲಿನ ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬಯಿಯ ತರುಣರು ಬ್ಲಾಕ್ ಪ್ಯಾಂಥರರನ್ನು ನೆನೆದು ದಲಿತ ಪ್ಯಾಂಥರ್ ಕಟ್ಟಿದರು. ಈ ಸಂಬಂಧಗಳನ್ನು ನಾವು ವೇದಿಕೆಯ ಮೇಲೆ ಹೇಳುತ್ತೇವೆ. ಆದರೆ ಸೂಜಿ ಹಿಡಿದ ಹೆಂಗಸರು ಆ ಹೋರಾಟಕ್ಕೆ ಏನು ಕೊಟ್ಟರೆಂದು ಹೇಳುವುದಿಲ್ಲ.

1965ರ ಆರಂಭದವರೆಗೆ ವಿಲ್ಕಾಕ್ಸ್ ಕೌಂಟಿಯ ಮತದಾರರ ಪಟ್ಟಿಯಲ್ಲಿ ಒಬ್ಬ ಕಪ್ಪು ಮನುಷ್ಯನ ಹೆಸರೂ ಇರಲಿಲ್ಲ. ಜನಸಂಖ್ಯೆಯಲ್ಲಿ ಹೆಚ್ಚಿನವರು ಅವರೇ. ಹೆಸರು ಬರೆಸಲು ನದಿ ದಾಟಿ ಕ್ಯಾಮ್ಡೆನ್ ಊರಿಗೆ ಹೋಗಬೇಕು. ಅವರು ಹೋಗತೊಡಗಿದ್ದೇ ತಡ, 1962ರಲ್ಲಿ ದೋಣಿಯನ್ನೇ ನಿಲ್ಲಿಸಿಬಿಟ್ಟರು. ಕಣ್ಣೆದುರಿಗೆ ಕಾಣುವ ಊರಿಗೆ ರಸ್ತೆಯಲ್ಲಿ ಸುತ್ತಿ ಸುಮಾರು 40 ಮೈಲಿ. ಆ ದೋಣಿ ಮತ್ತೆ ಓಡಿದ್ದು 2006ರಲ್ಲಿ, 44 ವರ್ಷಗಳ ನಂತರ. ನಮ್ಮೂರ ಬಾವಿಗೆ ಹಾಕಿದ ಬೀಗ ನೆನಪಾಗುವುದಿಲ್ಲವೆ?

1965ರ ಫೆಬ್ರವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೀಸ್ ಬೆಂಡಿಗೆ ಬಂದು ಮಾತಾಡಿದರು. ಆ ವರ್ಷ ಮತದ ಹಕ್ಕಿನ ಕಾಯ್ದೆ ಬಂತು. ಹೆಸರು ಬರೆಸಿದ ಹಲವರನ್ನು ಒಡೆಯರು ಮನೆಯಿಂದ, ಹೊಲದಿಂದ ಹೊರಹಾಕಿದರು. 1966ರಲ್ಲಿ ಅಲ್ಲಿನ ಹೆಂಗಸರು, ಫ್ರಾನ್ಸಿಸ್ ವಾಲ್ಟರ್ ಎಂಬ ಪಾದ್ರಿಯ ನೆರವಿನಿಂದ, 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಸಹಕಾರಿ ಸಂಘ ಕಟ್ಟಿದರು. ಸ್ವಾತಂತ್ರ್ಯದ ಕೌದಿ ಕೂಟ ಎನ್ನೋಣ. ನ್ಯೂಯಾರ್ಕಿನಲ್ಲಿ ಕೌದಿಗಳು ಹರಾಜಾದವು. ಎಸ್ಟೆಲ್ ವಿದರ್‌ಸ್ಪೂನ್ ಎಂಬ ಹೆಣ್ಣುಮಗಳು ಸಂಘವನ್ನು ವರ್ಷಗಟ್ಟಲೆ ನಡೆಸಿದಳು. 1969ರಲ್ಲಿ ಸಂಘ 23 ಎಕರೆ ಭೂಮಿ ಕೊಂಡಿತು. ಅದರಲ್ಲಿ ತನ್ನ ಕೆಲಸದ ಕಟ್ಟಡ ಕಟ್ಟಿತು. ಮತದ ಕಾರಣಕ್ಕೆ ನೆಲೆ ಕಳೆದುಕೊಂಡ ಕುಟುಂಬಗಳಿಗೆ ಮನೆಯ ಜಾಗ ಮಾರಿತು. ಚಿಂದಿಯಿಂದ ಕೌದಿ, ಕೌದಿಯಿಂದ ಹಣ, ಹಣದಿಂದ ಭೂಮಿ. ಭೂಮಿ ಕಸಿದ ಕಿರ್ದಿಗೆ ಹೆಂಗಸರು ಕೊಟ್ಟ ಉತ್ತರ ಇದು.

ಕತೆಯನ್ನು ಇಲ್ಲಿಗೆ ನಿಲ್ಲಿಸಿದರೆ ಸಿಹಿಯಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. 1972ರಲ್ಲಿ ದೊಡ್ಡ ಅಂಗಡಿಯೊಂದರ ದಿಂಬಿನ ಗವಸು ಹೊಲಿಯುವ ಗುತ್ತಿಗೆ ಬಂತು. ದುಡ್ಡು ಬಂತು, ಆದರೆ ಹೊಲಿಗೆ ಒಂದೇ ಅಳತೆ, ಒಂದೇ ಮಾದರಿಯ ಗಿರಣಿ ಕೆಲಸವಾಯಿತು. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ಜೀಸ್ ಬೆಂಡಿನ ಕೌದಿಗಳನ್ನು ಗೋಡೆಗೆ ತೂಗುಹಾಕಿ, ಇದು ದೊಡ್ಡ ಕಲೆ ಎಂದು ಲೋಕ ಕೊಂಡಾಡಿತು. 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. 2007ರಲ್ಲಿ ಕೆಲವು ಹೊಲಿಗೆಗಾರ್ತಿಯರು, ತಮ್ಮ ಕೈಕೆಲಸದ ಲಾಭ ತಮಗೆ ಸರಿಯಾಗಿ ಸೇರಿಲ್ಲವೆಂದು ಕೋರ್ಟಿಗೆ ಹೋದರು, 2008ರಲ್ಲಿ ರಾಜಿಯಾಯಿತು. 2012ರಲ್ಲಿ ಕೌದಿ ಕೂಟ ಬಾಗಿಲು ಮುಚ್ಚಿತು. ಗೋಡೆಗೆ ಏರಿದ ಮೇಲೂ ಲೆಕ್ಕ ಕೇಳಬೇಕಾಯಿತು ಎಂಬುದನ್ನು ನೆನಪಿಡೋಣ.

*

ನಮ್ಮಲ್ಲಿ ಏನಿದೆ? ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ಧಿ ಜನರಿದ್ದಾರೆ. ಪೋರ್ಚುಗೀಸರೂ ಇತರ ವ್ಯಾಪಾರಿಗಳೂ ಆಫ್ರಿಕಾದಿಂದ ಗುಲಾಮರಾಗಿ ತಂದವರ ಮಕ್ಕಳು ಮೊಮ್ಮಕ್ಕಳು. ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರು ಹಲವರು. 2003ರಲ್ಲಿ ಉತ್ತರ ಕನ್ನಡದ ಸಿದ್ಧಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ಅದರ ಕ್ರಮ ಮೇಲೆ ಹೇಳಿದ್ದಕ್ಕೆ ತಿರುಗುಮುರುಗು. ಚೌಕಗಳನ್ನು ಮೊದಲು ಮಾಡಿಡುವುದಿಲ್ಲ. ಕೆಳಗೆ ಸೀರೆ ಹರವಿ ಒಂದು ಮೂಲೆಯಲ್ಲಿ ತುಂಡು ಇಟ್ಟು, ಅಂಚು ಮಡಿಸಿ ಹೊಲಿಯುತ್ತ, ಅದರ ಪಕ್ಕ ಇನ್ನೊಂದು ತುಂಡು ಇಡುತ್ತ, ಅಂಚಿನುದ್ದಕ್ಕೂ ಸುತ್ತಿ ಸುತ್ತಿ ಕೊನೆಗೆ ನಡುವಿಗೆ ಬಂದು ಮುಗಿಸುತ್ತಾರೆ. ತುಂಡು ಕೂಡಿಸುವ ಹೊಲಿಗೆಯೂ ಪದರ ಹಿಡಿಯುವ ಹೊಲಿಗೆಯೂ ಒಂದೇ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಮುಮ್ಮೂಲೆ. ಅದಕ್ಕೆ ಫೂಲ, ಅಂದರೆ ಹೂವು ಎನ್ನುತ್ತಾರೆ.

ಅಲಬಾಮಾದ ಕೌದಿಗೂ ಇದಕ್ಕೂ ಹೋಲಿಕೆ ಕಂಡು, ಇದು ಆಫ್ರಿಕಾದ ರಕ್ತದ ನೆನಪು ಎಂದು ಹೇಳುವ ಅವಸರ ನಮಗೆ ಬೇಡ. ಆಫ್ರಿಕಾದ ಗಂಧವೇ ಇಲ್ಲದ ನಮ್ಮ ಆಯಿಯೂ ಹಾಗೇ ಹೊಲಿದಳು. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಅಲೆಮಾರಿ ಹೆಣ್ಣುಮಕ್ಕಳೂ ಹೊಲಿದರು. ರಕ್ತಕ್ಕಿಂತ ಹತ್ತಿರದ ಕಾರಣಗಳಿವೆ: ದುಡಿದು ಸವೆದ ಬಟ್ಟೆ, ಕೊಳ್ಳಲಾಗದ ಕಂಬಳಿ, ಚಳಿ, ಹಗಲು ಬಿಡುವಿಲ್ಲದ ಕೈ. ಒಂದೇ ಬಗೆಯ ದುಡಿಮೆ ಒಂದೇ ಬಗೆಯ ಹೊಲಿಗೆ ಕಲಿಸಿತು. ನಮಗೆ ಬೇಕಾದ ಬಂಧುತ್ವ ಇದು.

ಜೀಸ್ ಬೆಂಡಿನ ಕೌದಿಗಳಿಗೆ ಹೊಲಿದವಳ ಹೆಸರಿದೆ, ಇಸವಿ ಇದೆ. ಹೆಸರಿದ್ದದ್ದರಿಂದಲೇ ಅವರು ಲೆಕ್ಕ ಕೇಳಬಲ್ಲವರಾದರು. ನಮ್ಮ ಕೌದಿಗಳಿಗೆ ಹೆಸರಿಲ್ಲ. ಆದ್ದರಿಂದ ಶಾಲೆಯ ಗೆಳೆಯರೆ, ವಿದ್ಯಾರ್ಥಿಗಳೆ, ಒಂದು ಕೆಲಸ ಮಾಡೋಣ. ಮನೆಯ ಹಳೆಯ ಕೌದಿಯನ್ನು ಹರವಿ, ಹೊಲಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳೋಣ. ಯಾವ ತುಂಡು ಯಾರದು, ಯಾವ ವರ್ಷದ್ದು, ಆ ವರ್ಷ ಮಳೆ ಹೇಗಿತ್ತು, ಸಾಲ ಎಷ್ಟಿತ್ತು ಎಂದು ಬರೆದುಕೊಳ್ಳೋಣ. ಕೌದಿಯ ಹಿಂಬದಿಗೆ ಹೊಲಿದವಳ ಹೆಸರನ್ನು, ಇಸವಿಯನ್ನು ಹೊಲಿಸೋಣ. ಮಕ್ಕಳು ತರಗತಿಗೆ ಒಂದೊಂದು ತುಂಡು ಬಟ್ಟೆ ತಂದು ಅದರ ಕತೆ ಹೇಳಲಿ. ಇತಿಹಾಸದ ಪಾಠ ಅಲ್ಲಿಂದ ಶುರುವಾಗಲಿ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ನಾವು ಆಯಿಯ ಹೊಸ ಕೌದಿಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಆಕೆಯ ಹೆಸರು ಬರೆದೆವು. ಇದರ ಮೇಲೆ ಹೊಲಿ, ನಿನ್ನ ಹೆಸರು ಎಂದೆವು. ಕೊನೆಯ ತುಂಡು ಮುಚ್ಚುವ ಮೊದಲು, ಕೌದಿಯ ಹೊಟ್ಟೆ ಬರಿದಾಗಿರಬಾರದೆಂದು ನಾಲ್ಕು ಕಾಳು ಜೋಳ ಒಳಗಿಡುತ್ತಿದ್ದ ಆಯಿ, ಕೈ ನಿಲ್ಲಿಸಿ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಒರೆಸಿಬಿಟ್ಟಳು.

"ಮೂಲ್ಯಾಗ ಯಾಕ ಬರದಿ?" ಎಂದಳು. "ನಡುವ ಬರಿ."